ಮನೆಗೆ ಬಂದ ಮೇಲೆ ಏನಾಯಿತು: ವಿಯೆಟ್ನಾಂ ಸೈನಿಕರ ಹೆರಾಯಿನ್ ಪ್ರಕರಣ

ಮಗ ಗಾಂಜಾಗೋ ಮಾತ್ರೆಗೋ ಬಿದ್ದಿದ್ದಾನೆ ಅಂತ ಗೊತ್ತಾದ ಮನೆಯಲ್ಲಿ ಮೊದಲು ಅಳು, ಬೈಗುಳ, ಹರಕೆ. ಆಮೇಲೆ ಯಾರಾದರೂ ಹಿರಿಯರು ಬಂದು ಕೂತು ಒಂದು ಮಾತು ಹೇಳುತ್ತಾರೆ. "ಅವನನ್ನ ಊರು ಬಿಡಿಸಿ. ಹುಬ್ಬಳ್ಳಿಯಲ್ಲಿ ಚಿಕ್ಕಪ್ಪ ಇದ್ದಾರಲ್ಲ, ಒಂದು ವರ್ಷ ಅಲ್ಲಿರಲಿ. ಈ ಹುಡುಗರ ಸಹವಾಸ ತಪ್ಪಿದ್ರೆ ತಾನಾಗೇ ಸರಿಹೋಗ್ತಾನೆ."

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ 1971ರ ವಿಯೆಟ್ನಾಂ ನೆನಪಾಗುತ್ತದೆ. ಊರು ಬಿಡಿಸಿದರೆ ಚಟ ಬಿಡುತ್ತದಾ ಅಂತ ನೋಡಲು ಅಲ್ಲಿ ಯಾರೂ ಬೇಕೆಂದು ಪರೀಕ್ಷೆ ಮಾಡಲಿಲ್ಲ. ಆದರೂ ಅಲ್ಲಿ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸಾವಿರಾರು ಹುಡುಗರ ಮೇಲೆ ಅಂಥದೊಂದು ಪರೀಕ್ಷೆ ನಡೆದುಹೋಯಿತು. ಫಲಿತಾಂಶ ಬಂದಾಗ ಇದೇ ವಿಷಯದಲ್ಲಿ ಪಳಗಿದ ವೈದ್ಯರೂ ನಂಬಲಿಲ್ಲ. ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಇದೆ ಅಂತ ಆ ಪ್ರಕರಣ ತೋರಿಸಿತು. ಉಳಿದರ್ಧ ತಿಳಿಯದೆ ಮಗನನ್ನು ಬಸ್ ಹತ್ತಿಸಿದರೆ ಏನಾಗಬಹುದು ಅನ್ನುವುದೂ ಅದೇ ಪ್ರಕರಣದಲ್ಲಿದೆ. ಅದಕ್ಕೇ ಅದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹೆರಾಯಿನ್ ಕೈಗೆ ಸಿಕ್ಕ ಬಗೆ

ಬರ್ಮಾ, ಲಾವೋಸ್, ಥಾಯ್ಲೆಂಡ್ ಗಡಿಗಳು ಸೇರುವ ಗುಡ್ಡಗಾಡಿನಲ್ಲಿ ಅಫೀಮಿನ ಬೆಳೆ ಮೊದಲಿನಿಂದಲೂ ಇತ್ತು. 1970ರ ಹೊತ್ತಿಗೆ ಅಲ್ಲಿಂದ, ಅಫೀಮಿನಿಂದಲೇ ತಯಾರಾಗುವ ತುಂಬಾ ಶುದ್ಧವಾದ ಹೆರಾಯಿನ್ ದಕ್ಷಿಣ ವಿಯೆಟ್ನಾಂಗೆ ಹರಿಯತೊಡಗಿತು. ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಳಿ ಪುಡಿ. ಅಮೆರಿಕದ ಸೇನಾ ಶಿಬಿರಗಳ ಸುತ್ತಮುತ್ತ, ರಸ್ತೆ ಬದಿಯಲ್ಲಿ ಸಲೀಸಾಗಿ ಸಿಗುತ್ತಿತ್ತು. ಬೆಲೆಯೂ ಕಡಿಮೆ. ಅಷ್ಟು ಶುದ್ಧವಾಗಿದ್ದದ್ದರಿಂದ ಸೂಜಿ ಚುಚ್ಚಿಕೊಳ್ಳುವ ಅಗತ್ಯವೇ ಇರಲಿಲ್ಲ. ಸಿಗರೇಟಿನ ತಂಬಾಕಿಗೆ ಬೆರೆಸಿ ಸೇದಿದರೆ ಸಾಕಾಗುತ್ತಿತ್ತು. ಗಾಂಜಾ ಸೇದಿದರೆ ವಾಸನೆ ಬಂದು ಮೇಲಧಿಕಾರಿಗೆ ಗೊತ್ತಾಗುತ್ತಿತ್ತು. ಇದರದ್ದು ಹಾಗಲ್ಲ.

ಆ ಹುಡುಗರಲ್ಲಿ ಜಾಸ್ತಿ ಜನ ಇಪ್ಪತ್ತರ ಆಸುಪಾಸಿನವರು. ಸೇನೆಯ ಸರದಿ 12 ತಿಂಗಳು. ಹತ್ತರಲ್ಲಿ 8 ಮಂದಿಗಿಂತ ಹೆಚ್ಚು ಜನರಿಗೆ ಅಲ್ಲಿ ಯಾರೋ ಒಬ್ಬರು ಹೆರಾಯಿನ್ ಬೇಕಾ ಅಂತ ಕೇಳಿದ್ದರು. ಎಷ್ಟೋ ಸಲ, ಬಂದಿಳಿದ ಕೆಲವೇ ದಿನಗಳಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯುದ್ಧದ ಭಯ ತಡೆಯಲಾಗದೆ ಸೇದಿದರು ಅಂತ ನಾವು ತಕ್ಷಣ ಅಂದುಕೊಳ್ಳುತ್ತೇವೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆಮೇಲೆ ನಡೆದ ಅಧ್ಯಯನದಲ್ಲಿ ಅದು ಹೊಂದಿಕೆಯಾಗಲಿಲ್ಲ. ಗುಂಡಿನ ಮಳೆ ನೋಡಿದವರು ಇತರರಿಗಿಂತ ಹೆಚ್ಚು ಸೇದಿದ್ದರು ಅನ್ನುವಂತಿರಲಿಲ್ಲ. ಬಹಳ ಮಂದಿ ಶುರು ಮಾಡಿದ್ದು ಬಂದ ಮೊದಲ ತಿಂಗಳುಗಳಲ್ಲೇ, ಯುದ್ಧ ಕಣ್ಣಿಗೆ ಬೀಳುವ ಮೊದಲೇ. ಬೇಸರ, ಮನೆಯ ನೆನಪು, ದಿನ ದೂಡಿದರೆ ಸಾಕು ಅನ್ನುವ ಸ್ಥಿತಿ, ಪಕ್ಕದ ಮಂಚದವನು ಸೇದುತ್ತಿದ್ದಾನೆ, ಡಬ್ಬಿ ಕೈಗೆಟಕುವ ದೂರದಲ್ಲಿದೆ. ಇಷ್ಟೇ ಸಾಕಾಯಿತು. ದೊಡ್ಡ ನೋವಿದ್ದವರು ಮಾತ್ರ ಚಟಕ್ಕೆ ಬೀಳುತ್ತಾರೆ ಅಂತ ನಂಬುವ ಅಪ್ಪ ಅಮ್ಮಂದಿರಿಗೆ ಈ ಮಾತು ತಿಳಿದಿರಬೇಕು. "ನಾವು ಅವನಿಗೆ ಏನು ಕಡಿಮೆ ಮಾಡಿದ್ವಿ?" ಅಂತ ತಮ್ಮನ್ನೇ ತಿಂದುಕೊಳ್ಳುವವರು ಎಷ್ಟು ಮಂದಿ! ಎಷ್ಟೋ ಸಲ ಏನೂ ಕಡಿಮೆಯಾಗಿರುವುದಿಲ್ಲ. ವಸ್ತು ಹತ್ತಿರ ಇರುತ್ತದೆ, ಸೇದುವುದು ಮಾಮೂಲಿ ಅನ್ನಿಸುವ ಜನ ಸುತ್ತ ಇರುತ್ತಾರೆ, ಅಷ್ಟೇ.

ವಾಷಿಂಗ್ಟನ್ ಬೆಚ್ಚಿತು

1971ರ ಮೇ ತಿಂಗಳಲ್ಲಿ ಅಮೆರಿಕದ ಇಬ್ಬರು ಸಂಸದರು, ರಾಬರ್ಟ್ ಸ್ಟೀಲ್ ಮತ್ತು ಮಾರ್ಗನ್ ಮರ್ಫಿ, ವಿಯೆಟ್ನಾಂಗೆ ಹೋಗಿಬಂದು ವರದಿ ಕೊಟ್ಟರು. ಅಲ್ಲಿರುವ ನಮ್ಮ ಸೈನಿಕರಲ್ಲಿ ನೂರಕ್ಕೆ 10ರಿಂದ 15 ಮಂದಿ ಹೆರಾಯಿನ್‌ಗೆ ದಾಸರಾಗಿದ್ದಾರೆ ಅಂತ ಅದರಲ್ಲಿತ್ತು. ದೇಶವೇ ಬೆಚ್ಚಿತು. ತಿಂಗಳಿಗೆ ಸಾವಿರಾರು ಸೈನಿಕರು ವಾಪಸ್ ಬರುತ್ತಿದ್ದ ಕಾಲ ಅದು. ಇಷ್ಟೊಂದು ವ್ಯಸನಿಗಳು ಊರೂರಿಗೆ ಬಂದಿಳಿದರೆ ಗತಿ ಏನು?

ಹೆದರಿಕೆಗೆ ಕಾರಣವೂ ಇತ್ತು. ಅಮೆರಿಕದಲ್ಲಿ ಹೆರಾಯಿನ್ ಚಟದ ಬಗ್ಗೆ ಆವರೆಗೆ ತಿಳಿದಿದ್ದ ಸಂಗತಿಗಳಲ್ಲಿ ಭರವಸೆ ಅನ್ನುವುದೇ ಇರಲಿಲ್ಲ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 1935ರಿಂದ ಸರ್ಕಾರದ ದೊಡ್ಡ ಆಸ್ಪತ್ರೆಯೊಂದು ನಡೆಯುತ್ತಿತ್ತು. ಸುತ್ತ ಹೊಲಗದ್ದೆ, ಒಳ್ಳೆಯ ಊಟ, ಕೆಲಸ, ವೈದ್ಯರು, ಎಲ್ಲವೂ ಇದ್ದವು. ತಿಂಗಳುಗಟ್ಟಲೆ ಅಲ್ಲಿದ್ದು ಪೂರ್ತಿ ಬಿಟ್ಟು ಮನೆಗೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮತ್ತೆ ಶುರು ಮಾಡುತ್ತಿದ್ದರು. ಒಂದು ಸಲ ಹೆರಾಯಿನ್ ಹಿಡಿದರೆ ಜೀವನಪೂರ್ತಿ ಬಿಡದು ಅಂತ ಜನ ನಂಬಿದ್ದು ಸುಮ್ನೆ ಅಲ್ಲ.

ಜೂನ್ 17ರಂದು ಅಧ್ಯಕ್ಷ ರಿಚರ್ಡ್ ನಿಕ್ಸನ್ ಮಾದಕ ವಸ್ತುಗಳ ಬಳಕೆಯೇ ದೇಶದ ನಂಬರ್ ಒನ್ ಶತ್ರು ಅಂತ ಸಾರಿದರು. ಅದಕ್ಕೊಂದು ವಿಶೇಷ ಕಚೇರಿ ತೆರೆದು, ಜೆರೋಮ್ ಜ್ಯಾಫಿ ಅನ್ನುವ ಮನೋವೈದ್ಯರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದರು. ಇಲಿನಾಯ್ ರಾಜ್ಯದಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಔಷಧಿ ಕೊಟ್ಟು ಚಿಕಿತ್ಸೆ ಮಾಡಿದ ಅನುಭವ ಅವರಿಗಿತ್ತು.

ಜ್ಯಾಫಿ ಮಾಡಿಸಿದ್ದು ಸರಳವಾದ ಕೆಲಸ. ವಿಯೆಟ್ನಾಂನಿಂದ ಮನೆಗೆ ಹೊರಡುವ ಪ್ರತಿ ಸೈನಿಕನ ಮೂತ್ರ ಪರೀಕ್ಷೆ. ಹೆರಾಯಿನ್ ಸಿಕ್ಕರೆ ವಿಮಾನ ಇಲ್ಲ. ಲಾಂಗ್ ಬಿನ್ ಅಥವಾ ಕಾಮ್ ರಾನ್ ಶಿಬಿರದಲ್ಲಿ ಸುಮಾರು ಒಂದು ವಾರ ಉಳಿಯಬೇಕು. ಮೈಯಿಂದ ವಿಷ ಇಳಿಯಬೇಕು. ಮತ್ತೆ ಪರೀಕ್ಷೆ. ಆಗ ಶುದ್ಧವಾಗಿದ್ದರೆ ಮಾತ್ರ ಮನೆ. ಜ್ಯಾಫಿ ಪಟ್ಟು ಹಿಡಿದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಅಂತ ಯಾರನ್ನೂ ಸೇನಾ ನ್ಯಾಯಾಲಯಕ್ಕೆ ಎಳೆಯಬಾರದು. ಶಿಕ್ಷೆಯ ಭಯ ಇದ್ದರೆ ಹುಡುಗರು ಅಡಗುತ್ತಾರೆ, ಮನೆಗೆ ಹೋಗುವ ಆಸೆ ಇದ್ದರೆ ಬಿಡುತ್ತಾರೆ ಅನ್ನುವುದು ಅವರ ಲೆಕ್ಕ.

ಲೆಕ್ಕ ಸರಿಯಾಗಿಯೇ ಇತ್ತು. ಪರೀಕ್ಷೆಯ ಸುದ್ದಿ ಶಿಬಿರದಿಂದ ಶಿಬಿರಕ್ಕೆ ಹಬ್ಬಿತು. ಹೊರಡುವ ದಿನ ಗೊತ್ತಿತ್ತು. ಅದಕ್ಕೆ ನಾಲ್ಕಾರು ದಿನ ಮೊದಲೇ ಎಷ್ಟೋ ಹುಡುಗರು ತಾವಾಗಿಯೇ ಬಿಟ್ಟರು. ಹಾಗಾದರೆ ದಿನಾಂಕ ಗೊತ್ತಿದ್ದೂ ಸಿಕ್ಕಿಬಿದ್ದವರು ಯಾರು? ಬಿಡಲು ಆಗದವರು, ಅಥವಾ ಬಿಡುವುದನ್ನು ಮುಂದೂಡುತ್ತಲೇ ಹೋದವರು. ಚಟ ನಿಜಕ್ಕೂ ಬಿಗಿಯಾಗಿ ಹಿಡಿದವರು ಯಾರು ಅನ್ನುವುದನ್ನು ಮೂತ್ರದ ಆ ಪುಟ್ಟ ಬಾಟಲಿಯೇ ಬೇರ್ಪಡಿಸಿ ತೋರಿಸಿತು.

ಮನೆ ಮನೆಗೆ ಹೋದ ಲೀ ರಾಬಿನ್ಸ್

ಇವರೆಲ್ಲ ಮನೆಗೆ ಹೋದ ಮೇಲೆ ಏನಾದರು? ಇದನ್ನು ಪತ್ತೆ ಮಾಡುವ ಕೆಲಸವನ್ನು ಜ್ಯಾಫಿ ಅವರ ಕಚೇರಿ ಲೀ ರಾಬಿನ್ಸ್ ಅವರಿಗೆ ಒಪ್ಪಿಸಿತು. ಅವರು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ. ಚಿಕ್ಕಂದಿನಲ್ಲಿ ತೊಂದರೆಯ ಮಕ್ಕಳು ಅಂತ ಕ್ಲಿನಿಕ್‌ಗೆ ಬಂದಿದ್ದವರನ್ನು ಮೂವತ್ತು ವರ್ಷದ ಮೇಲೆ ಹುಡುಕಿ, ಅವರ ಬದುಕು ಏನಾಯಿತು ಅಂತ ಬರೆದು ಅದಾಗಲೇ ಹೆಸರು ಮಾಡಿದ್ದರು. ಜನರನ್ನು ಹುಡುಕಿ ಮಾತಾಡಿಸುವುದರಲ್ಲಿ ಅವರದು ಎತ್ತಿದ ಕೈ.

1971ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಅಧಿಕಾರಿಗಳಲ್ಲದ ಸುಮಾರು 13,760 ಸೈನಿಕರು ವಿಯೆಟ್ನಾಂನಿಂದ ಅಮೆರಿಕಕ್ಕೆ ಮರಳಿದ್ದರು. ಅವರಲ್ಲಿ ಸುಮಾರು 1,400 ಮಂದಿ ಹೊರಡುವಾಗಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು. ರಾಬಿನ್ಸ್ ಎರಡು ಪಟ್ಟಿ ಮಾಡಿದರು. ಒಂದರಲ್ಲಿ, ಮರಳಿದ ಎಲ್ಲರ ಪೈಕಿ ಚೀಟಿ ಎತ್ತಿದ ಹಾಗೆ ಆರಿಸಿದ 470 ಮಂದಿ. ಇನ್ನೊಂದರಲ್ಲಿ, ಸಿಕ್ಕಿಬಿದ್ದವರಿಂದ ಆರಿಸಿದ 495 ಮಂದಿ. ಮನೆಗೆ ಬಂದು 8ರಿಂದ 12 ತಿಂಗಳಾದ ಮೇಲೆ ಅವರ ತಂಡ ಇವರನ್ನು ಅಮೆರಿಕದ ಮೂಲೆ ಮೂಲೆಯಲ್ಲಿ ಹುಡುಕಿತು. ಸುಮಾರು 900 ಮಂದಿ ಸಿಕ್ಕರು, ಮಾತಾಡಿದರು. ಇಷ್ಟು ದೊಡ್ಡ ಪ್ರಮಾಣದಲ್ಲಿ ಜನ ಸಿಗುವುದು ಇಂಥ ಅಧ್ಯಯನಗಳಲ್ಲಿ ಬಹಳ ಅಪರೂಪ.

ಮಾತು ಮಾತ್ರ ನಂಬಿಕೊಳ್ಳಲಿಲ್ಲ. ಸಂದರ್ಶನ ಮುಗಿದ ಮೇಲೆ ಮೂತ್ರದ ಮಾದರಿಯನ್ನೂ ಕೇಳಿದರು. ಸೇನೆಯ ದಾಖಲೆಯ ಜೊತೆ ಉತ್ತರಗಳನ್ನು ತಾಳೆ ಹಾಕಿದರು. ಸಿಕ್ಕಿಬಿದ್ದಿದ್ದ ಬಹುತೇಕ ಎಲ್ಲರೂ ಮುಚ್ಚಿಡದೆ "ಹೌದು, ಸೇದುತ್ತಿದ್ದೆ" ಅಂತ ಒಪ್ಪಿಕೊಂಡರು. ಬೈಯದೆ ಕೇಳಿದರೆ ಜನ ನಿಜ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಈ ವಿಷಯ ಕೇಳುವ ರೀತಿಯನ್ನೊಮ್ಮೆ ನೆನೆಸಿಕೊಳ್ಳಿ.

ಮೊದಲ ಪಟ್ಟಿಯಿಂದ ಸಿಕ್ಕ ಚಿತ್ರ ಹೆದರಿದ್ದಕ್ಕಿಂತಲೂ ದೊಡ್ಡದಾಗಿತ್ತು. ವಿಯೆಟ್ನಾಂನಲ್ಲಿ ನೂರಕ್ಕೆ 34 ಮಂದಿ ಹೆರಾಯಿನ್ ರುಚಿ ನೋಡಿದ್ದರು. 38 ಮಂದಿ ಅಫೀಮು. ಎರಡರಲ್ಲಿ ಒಂದನ್ನಾದರೂ ಮುಟ್ಟಿದವರು ಹೆಚ್ಚುಕಡಿಮೆ ಅರ್ಧದಷ್ಟು. ಚಟವೇ ಹಿಡಿದವರು ನೂರಕ್ಕೆ 20. ಅಂದರೆ ಸಂಸದರ ಅಂದಾಜಿಗಿಂತ ಜಾಸ್ತಿ. ವಿಯೆಟ್ನಾಂಗೆ ಹೋಗುವ ಮೊದಲು ಇದೇ ಹುಡುಗರಲ್ಲಿ ಇಂಥ ಚಟ ಇದ್ದವರು ನೂರಕ್ಕೆ ಒಬ್ಬನೂ ಇರಲಿಲ್ಲ.

ಈಗ ಮನೆಗೆ ಬಂದ ಮೇಲಿನ ಕಥೆ. ಅಲ್ಲಿ ಚಟ ಹಿಡಿದಿದ್ದವರಲ್ಲಿ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5. ಮೂರು ವರ್ಷ ಕಳೆದ ಮೇಲೆ, 1974ರಲ್ಲಿ, ಮತ್ತೊಮ್ಮೆ ಹುಡುಕಿ ಕೇಳಿದರು. ಆ ಮೂರು ವರ್ಷದಲ್ಲಿ ಸ್ವಲ್ಪ ಕಾಲಕ್ಕಾದರೂ ಚಟಕ್ಕೆ ಮರಳಿದ್ದವರು ನೂರಕ್ಕೆ 12. ಹತ್ತಕ್ಕೆ ಒಂಬತ್ತು ಮಂದಿ ಮರಳಿ ಬೀಳುತ್ತಿದ್ದ ಲೆಕ್ಸಿಂಗ್ಟನ್ ಆಸ್ಪತ್ರೆಯ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು. ಇವರಲ್ಲಿ ಬಹುತೇಕರು ಊರಿಗೆ ಬಂದ ಮೇಲೆ ಯಾವ ಚಿಕಿತ್ಸೆಗೂ ಹೋಗಿರಲಿಲ್ಲ.

ಇನ್ನೂ ಆಶ್ಚರ್ಯದ್ದು ಇದು: ಅಲ್ಲಿ ಚಟ ಇದ್ದವರಲ್ಲಿ ಅರ್ಧದಷ್ಟು ಜನ ಊರಿಗೆ ಬಂದ ಮೇಲೂ ಒಂದಲ್ಲ ಒಂದು ಸಲ ಹೆರಾಯಿನ್ ಮುಟ್ಟಿದ್ದರು. ಆದರೂ ಅವರಲ್ಲಿ ಹೆಚ್ಚಿನವರು ಚಟಕ್ಕೆ ಮರಳಲಿಲ್ಲ. "ಒಂದೇ ಒಂದು ಸಲ ಮುಟ್ಟಿದರೆ ಮುಗಿಯಿತು" ಅಂತ ಎಲ್ಲರೂ ನಂಬಿದ್ದ ಮಾತು ಇವರ ಮಟ್ಟಿಗೆ ನಿಲ್ಲಲಿಲ್ಲ.

ಅಂಕಿ ಹೊರಬಿದ್ದಾಗ ಜನ ನಂಬಲಿಲ್ಲ. ಸರ್ಕಾರಕ್ಕೆ ಬೇಕಾದ ಹಾಗೆ ಬರೆದಿದ್ದಾರೆ ಅಂದವರೂ ಇದ್ದರು. ರಾಬಿನ್ಸ್ ತಮ್ಮ ಅಂಕಿಗಳನ್ನು ಬಿಟ್ಟುಕೊಡಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ, 1993ರಲ್ಲಿ, ಮತ್ತೆ ಇದೇ ವಿಷಯಕ್ಕೆ ಬಂದು ಒಂದು ಪ್ರಬಂಧ ಪ್ರಕಟಿಸಿದರು. ಆ ಸೈನಿಕರು ಬೇಗ ಚೇತರಿಸಿಕೊಂಡದ್ದು ಅಪವಾದವೋ, ಅಥವಾ ನಾವು ನಿರೀಕ್ಷಿಸಬೇಕಾದ್ದೇ ಅದೋ ಅಂತ ಅವರು ಅದರಲ್ಲಿ ಕೇಳಿದ ಪ್ರಶ್ನೆ. ಆಸ್ಪತ್ರೆಗೆ ಬರುವವರನ್ನು ಮಾತ್ರ ನೋಡಿ ವೈದ್ಯರು ಚಟದ ಬಗ್ಗೆ ತೀರ್ಮಾನಕ್ಕೆ ಬರುತ್ತಾರೆ. ತಾನಾಗಿ ಬಿಟ್ಟವನು ಆಸ್ಪತ್ರೆಗೆ ಬರುವುದೇ ಇಲ್ಲ, ಅವನು ಲೆಕ್ಕಕ್ಕೂ ಸಿಗುವುದಿಲ್ಲ. ಈ ಒಂದು ಮಾತಿಗಾಗಿಯೇ ಅವರ ಕೆಲಸವನ್ನು ನಾನು ದೊಡ್ಡದು ಅನ್ನುತ್ತೇನೆ.

ಜಾಗಕ್ಕೆ ಅಷ್ಟು ಶಕ್ತಿ ಹೇಗೆ ಬಂತು

ಸೈನಿಕರು ಕೊಟ್ಟ ಕಾರಣಗಳು ತೀರಾ ಸಾಮಾನ್ಯವಾದವು. ಅಮೆರಿಕದಲ್ಲಿ ಹೆರಾಯಿನ್ ದುಬಾರಿ. ಸಿಗುವುದೂ ಕಲಬೆರಕೆಯದು. ಸೇದಿದರೆ ಏರುವುದಿಲ್ಲ, ಚುಚ್ಚಿಕೊಳ್ಳಬೇಕು, ಸೂಜಿ ಅಂದರೆ ಅಸಹ್ಯ. ಪೊಲೀಸರ ಭಯ. ಅಮ್ಮನಿಗೆ ಗೊತ್ತಾದರೆ ಏನು ಗತಿ ಅನ್ನುವ ನಾಚಿಕೆ. ಊರಿನ ಗೆಳೆಯರಲ್ಲಿ ಅದನ್ನು ಮುಟ್ಟುವವರೇ ಇಲ್ಲ.

ಇದರ ಕೆಳಗೆ ಇನ್ನೊಂದು ಕಾರಣ ಇದೆ. ಅದು ಮೈಯೊಳಗಿನದು. ಲೆಕ್ಸಿಂಗ್ಟನ್ ಆಸ್ಪತ್ರೆಯಲ್ಲೇ ಏಬ್ರಹಾಂ ವಿಕ್ಲರ್ ಅನ್ನುವ ವೈದ್ಯರು 1940ರ ದಶಕದಲ್ಲಿ ಒಂದು ವಿಚಿತ್ರ ಗಮನಿಸಿದ್ದರು. ತಿಂಗಳುಗಳಿಂದ ಹೆರಾಯಿನ್ ಮುಟ್ಟದ ರೋಗಿಗಳು, ಗುಂಪಿನಲ್ಲಿ ಕೂತು ಆ ಹಳೆಯ ದಿನಗಳ ಮಾತೆತ್ತಿದರೆ ಸಾಕು, ಆಕಳಿಸುತ್ತಿದ್ದರು, ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು. ಅದು ದುಃಖದ ನೀರಲ್ಲ. ಹೆರಾಯಿನ್ ಸಿಗದಾಗ ಮೈಗೆ ಆಗುವ ಹಿಂಸೆಯ ಲಕ್ಷಣಗಳೇ ಅವು. ಬಿಡುಗಡೆಯಾಗಿ ಹಳೆಯ ಬೀದಿಗೆ ಕಾಲಿಟ್ಟವರಿಗೂ ಹಾಗೇ ಆಗುತ್ತಿತ್ತು. ಮೈ ಆ ಬೀದಿಯನ್ನು ನೆನಪಿಟ್ಟುಕೊಂಡಿತ್ತು.

ಹೀಗೇಕೆ? ಹೆರಾಯಿನ್ ಉಸಿರನ್ನು ನಿಧಾನ ಮಾಡುತ್ತದೆ, ನೋವು ಮರೆಸುತ್ತದೆ, ಕರುಳನ್ನು ಕಟ್ಟುತ್ತದೆ. ದಿನಾ ಸೇದುವವನ ಮೈ ಇದನ್ನು ಸರಿದೂಗಿಸಲು ಎದುರು ದಿಕ್ಕಿಗೆ ಎಳೆಯಲು ಕಲಿಯುತ್ತದೆ. ಸ್ವಲ್ಪ ದಿನಕ್ಕೆ, ಹೆರಾಯಿನ್ ಒಳಗೆ ಹೋಗುವ ಮೊದಲೇ ಎಳೆಯಲು ಶುರು ಮಾಡುತ್ತದೆ. ಅದೇ ಕೋಣೆ, ಅದೇ ಗೆಳೆಯ, ಅದೇ ಸಂಜೆ ಹೊತ್ತು ಕಂಡರೆ ಸಾಕು. ಆಗ ವಸ್ತು ಸಿಗದಿದ್ದರೆ ಆ ಎಳೆತ ಒಂದೇ ಉಳಿಯುತ್ತದೆ. ಮೈನೋವು, ಭೇದಿ, ಚಳಿ, ತಡೆಯಲಾಗದ ಆಸೆ. ಹೊರಗಿನವರು ಅದನ್ನು "ಮನಸ್ಸು ಗಟ್ಟಿ ಇಲ್ಲ" ಅಂತ ಕರೆಯುತ್ತಾರೆ.

1982ರಲ್ಲಿ ಕೆನಡಾದ ಶೆಪರ್ಡ್ ಸೀಗಲ್ ಮತ್ತು ಜೊತೆಗಾರರು ಇದನ್ನು ಇಲಿಗಳಲ್ಲಿ ತೋರಿಸಿದರು. ಇಲಿಗಳಿಗೆ ಒಂದೇ ಕೋಣೆಯಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೆರಾಯಿನ್ ಕೊಟ್ಟು ಅಭ್ಯಾಸ ಮಾಡಿಸಿದರು. ಕೊನೆಗೊಂದು ದಿನ ಎಲ್ಲಕ್ಕೂ ಸಮನಾಗಿ ದೊಡ್ಡ ಪ್ರಮಾಣ ಕೊಟ್ಟರು. ಅಭ್ಯಾಸದ ಕೋಣೆಯಲ್ಲೇ ಪಡೆದ ಇಲಿಗಳಲ್ಲಿ ನೂರಕ್ಕೆ 32 ಸತ್ತವು. ಬೇರೆ ಕೋಣೆಯಲ್ಲಿ ಪಡೆದವುಗಳಲ್ಲಿ 64. ಹೆರಾಯಿನ್ ಅಭ್ಯಾಸವೇ ಇಲ್ಲದವುಗಳಲ್ಲಿ 96. ಪ್ರಮಾಣ ಒಂದೇ, ಅಭ್ಯಾಸ ಒಂದೇ, ಕೋಣೆ ಮಾತ್ರ ಬೇರೆ. ಸಾವು ಎರಡು ಪಟ್ಟು. ಹೊಸ ಕೋಣೆಯಲ್ಲಿ ಮೈ ಮೊದಲೇ ಎದುರು ದಿಕ್ಕಿಗೆ ಎಳೆಯಲಿಲ್ಲ.

ಈಗ ಆ ಸೈನಿಕನನ್ನು ನೋಡಿ. ಅವನ ಮೈ ಹೆರಾಯಿನ್ ಜೊತೆ ಕಟ್ಟಿಕೊಂಡಿದ್ದ ನೆನಪೆಲ್ಲ ವಿಯೆಟ್ನಾಂನದು. ಆ ಸೆಕೆ, ಆ ಡೇರೆ, ಆ ಸಿಗರೇಟು, ಆ ಮುಖಗಳು. ವಿಮಾನ ಹತ್ತಿದ ಮೇಲೆ ಅದ್ಯಾವುದೂ ಅವನ ಹಿಂದೆ ಬರಲಿಲ್ಲ. ಅಮ್ಮನ ಅಡುಗೆಮನೆಯಲ್ಲಿ ಹೆರಾಯಿನ್ ನೆನಪಿಸುವ ಒಂದು ಪಾತ್ರೆಯೂ ಇರಲಿಲ್ಲ. ಲೆಕ್ಸಿಂಗ್ಟನ್ ರೋಗಿಯದು ಇದಕ್ಕೆ ಉಲ್ಟಾ. ಅವನು ಹೆರಾಯಿನ್ ಕಲಿತದ್ದು ತನ್ನ ಬೀದಿಯಲ್ಲಿ, ಬಿಟ್ಟದ್ದು ದೂರದ ಹೊಲದಲ್ಲಿ, ಆಮೇಲೆ ಕಳಿಸಿದ್ದು ಅದೇ ಬೀದಿಗೆ.

ಹೀಗಾಗಿ "ಊರು ಬಿಡಿಸಿ" ಅನ್ನುವ ಮಾತು ನನಗೆ ಅರ್ಧ ಸತ್ಯವಾಗಿ ಕಾಣುತ್ತದೆ. ಸೈನಿಕರು ಊರು ಬಿಟ್ಟು ಗೆದ್ದವರಲ್ಲ. ಊರಿಗೆ ಬಂದು ಗೆದ್ದವರು. ಅವರಿಗೆ ವಾಪಸ್ ಬರಲು ಒಂದು ಬದುಕು ಇತ್ತು. ಕಾಯುವ ಹುಡುಗಿ, ಅಪ್ಪನ ಅಂಗಡಿ, ನಿಲ್ಲಿಸಿ ಹೋಗಿದ್ದ ಓದು, ಕುಡಿಯದ ಗೆಳೆಯರು. ಹೆರಾಯಿನ್ ಇಲ್ಲದೆ ಹೇಗೆ ಬದುಕುತ್ತಿದ್ದೆ ಅನ್ನುವ ನೆನಪು ಆ ಮನೆಯಲ್ಲೇ ಇತ್ತು. ಹದಿನಾಲ್ಕಕ್ಕೇ ಪಂಕ್ಚರ್ ಹಾಕುವ ಸಲ್ಯೂಷನ್ ಮೂಸಲು ಶುರು ಮಾಡಿದ ಹುಡುಗನಿಗೆ ಹಾಗೆ ವಾಪಸ್ ಹೋಗುವ ಹಳೆಯ ಬದುಕೇ ಇರುವುದಿಲ್ಲ. ಅವನಿಗೆ ಅದನ್ನು ಹೊಸದಾಗಿ ಕಟ್ಟಿಕೊಡಬೇಕು.

ಬಿಡದವರು

ನೂರಕ್ಕೆ 12 ಮಂದಿ ಮರಳಿ ಬಿದ್ದರಲ್ಲ, ಅವರನ್ನು ಜನ ಮರೆತುಬಿಡುತ್ತಾರೆ. ಈ ಪ್ರಕರಣ ಹೇಳುವ ಹೆಚ್ಚಿನವರು ಗೆದ್ದವರ ಅಂಕಿ ಹೇಳಿ ಮಾತು ಮುಗಿಸುತ್ತಾರೆ. ಮರಳಿ ಬಿದ್ದವರಲ್ಲಿ ಸೇನೆಗೆ ಸೇರುವ ಮೊದಲೇ ಬೇರೆ ಬೇರೆ ಅಮಲಿನ ವಸ್ತು ಮುಟ್ಟಿದ್ದವರು ಜಾಸ್ತಿ. ವಿಯೆಟ್ನಾಂನಲ್ಲಿ ತುಂಬಾ ಹೆಚ್ಚು ಬಳಸಿದವರು, ಸೂಜಿಗೆ ಹೋದವರು ಜಾಸ್ತಿ. ಮನೆಯಲ್ಲಿ ಅಪ್ಪ ಅಮ್ಮನದೇ ಇಂಥ ತೊಂದರೆಗಳಿದ್ದವರು ಜಾಸ್ತಿ. ಅಂದರೆ ಅವರಿಗೆ ಮನೆ ಅನ್ನುವುದು ಸುರಕ್ಷಿತ ಜಾಗ ಆಗಿರಲಿಲ್ಲ.

ಬಿಟ್ಟವರೂ ಎಲ್ಲವನ್ನೂ ಬಿಟ್ಟರು ಅಂತಲ್ಲ. ಹೆರಾಯಿನ್ ಬಳಸಿದ್ದವರಲ್ಲಿ ಬಹಳ ಮಂದಿ ಕುಡಿತ, ಗಾಂಜಾ, ಬೇರೆ ಮಾತ್ರೆಗಳ ಜೊತೆಯೂ ಇದ್ದವರು. ಊರಿಗೆ ಬಂದ ಮೇಲೆ ಕುಡಿತ ಎಷ್ಟೋ ಮಂದಿಯನ್ನು ಕಾಡಿತು. ಕಾರಣ ಸರಳ: ಸಾರಾಯಿ ಪ್ರತಿ ಊರಿನಲ್ಲೂ ಇತ್ತು, ಅದನ್ನು ಮುಟ್ಟಿದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ.

ಈ ಪ್ರಕರಣವನ್ನು ತಪ್ಪಾಗಿ ಓದುವ ಇನ್ನೊಂದು ದಾರಿ ಇದೆ, ಅದರ ಬಗ್ಗೆ ನನಗೆ ನಿಜಕ್ಕೂ ಆತಂಕ. "ನೋಡಿ, ಚಿಕಿತ್ಸೆ ಇಲ್ಲದೆ ಬಿಟ್ಟರು, ಮನಸ್ಸು ಮಾಡಿದರೆ ಯಾರಾದರೂ ಬಿಡಬಹುದು" ಅನ್ನುವುದು. ಹಾಗಲ್ಲ. ಆ ಹುಡುಗರು ಮನಸ್ಸು ಮಾಡಿದ್ದು ನಿಜ. ಆದರೆ ಒಂದು ಸಾಗರದಷ್ಟು ದೂರ ಅವರ ಬೆನ್ನಿಗಿತ್ತು. ಅದೇ ಗಲ್ಲಿಯಲ್ಲಿ, ಅದೇ ಕೋಣೆಯಲ್ಲಿ ಇರುವವನಿಗೆ ಆ ದೂರ ಸಿಗುವುದಿಲ್ಲ. ಅವನಿಗೆ ಔಷಧಿ ಆ ಕೆಲಸ ಮಾಡಬಲ್ಲದು. ಬ್ಯುಪ್ರೆನಾರ್ಫಿನ್, ಮೆಥಡೋನ್ ಇವು ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಔಷಧಿಗಳು. ಮೈಯ ಎಳೆತವನ್ನು ತಣ್ಣಗಿಡುತ್ತವೆ, ಅಮಲು ಏರಿಸದೆ ಕೆಲಸಕ್ಕೆ ಹೋಗಲು ಬಿಡುತ್ತವೆ. ಇವುಗಳ ಮೇಲಿರುವಾಗ ಸಾವಿನ ಅಪಾಯ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ್ರಿ" ಅಂತ ನೆಂಟರು ಹೇಳಿದರೆ ಕೇಳಬೇಡಿ. ಸಕ್ಕರೆ ಕಾಯಿಲೆಯವನ ಇನ್ಸುಲಿನ್‌ಗೆ ಯಾರೂ ಹಾಗೆ ಹೇಳುವುದಿಲ್ಲ.

ನಮ್ಮಲ್ಲಿ

ಏಮ್ಸ್ ವೈದ್ಯರು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಮಾಡಿದ ದೇಶವ್ಯಾಪಿ ಸಮೀಕ್ಷೆ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದವರಲ್ಲಿ ಸುಮಾರು 2.26 ಕೋಟಿ ಮಂದಿ ಅಫೀಮು, ಹೆರಾಯಿನ್, ನೋವಿನ ಮಾತ್ರೆಗಳಂಥ ವಸ್ತು ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಸಹಾಯ ಬೇಕು. ಆದರೆ ಕಾನೂನುಬಾಹಿರ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 20ರಲ್ಲಿ ಒಬ್ಬರು. ಮೂಸುವ ವಸ್ತುಗಳ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳೇ ಮುಂದಿದ್ದಾರೆ. ಆ ಸಮೀಕ್ಷೆಯಲ್ಲಿ ನನ್ನ ನಿದ್ದೆ ಕೆಡಿಸಿದ ಸಾಲು ಅದು.

ನಾವು ಆ ಒಬ್ಬನಿಗೂ ಕೊಡುವುದು ಲೆಕ್ಸಿಂಗ್ಟನ್ ಮಾದರಿ. ತಿಂಗಳೋ ಎರಡು ತಿಂಗಳೋ ಡಿ-ಅಡಿಕ್ಷನ್ ಸೆಂಟರ್. ಆಮೇಲೆ ಅಪ್ಪ ಆಟೋದಲ್ಲಿ ಕರೆದುಕೊಂಡು ಬರುತ್ತಾರೆ. ಆಟೋ ಅದೇ ಬಸ್ ಸ್ಟ್ಯಾಂಡ್ ದಾಟಿ, ಅದೇ ಬೀಡಾ ಅಂಗಡಿ ಮೂಲೆಯಲ್ಲಿ ತಿರುಗುತ್ತದೆ. ಆಫ್ ಆಗಿದ್ದ ಮೊಬೈಲ್ ಆನ್ ಆಗುತ್ತದೆ. ಎಲ್ಲ ನಂಬರ್‌ಗಳೂ ಹಾಗೇ ಇರುತ್ತವೆ. ಮನೆಯವರ ಪ್ರಕಾರ ಚಿಕಿತ್ಸೆ ಮುಗಿಯಿತು. ನಿಜದಲ್ಲಿ ಅವತ್ತೇ ಶುರು. ಹೆರಾಯಿನ್ ಬಿಟ್ಟಾಗಿನ ಮೈ ಹಿಂಸೆ ಎರಡು ಮೂರನೇ ದಿನಕ್ಕೆ ಜೋರಾಗಿ, ವಾರದಲ್ಲಿ ಬಹುಪಾಲು ಇಳಿಯುತ್ತದೆ. ಅಷ್ಟನ್ನು ಎಲ್ಲ ಸೆಂಟರ್‌ಗಳೂ ದಾಟಿಸುತ್ತವೆ. ವಾಪಸ್ ಬರುವ ಜಾಗದ ಬಗ್ಗೆ ಕೇಳುವವರು ಕಡಿಮೆ.

ಈ ಮೊದಲ ವಾರಗಳಲ್ಲೇ ಪ್ರಾಣಾಪಾಯವೂ ಜಾಸ್ತಿ. ಬಿಟ್ಟಿದ್ದಾಗ ಮೈಯ ತಡೆಯುವ ಶಕ್ತಿ ಇಳಿದಿರುತ್ತದೆ. ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಕರೆದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ "ಮಲಗಿದಾನೆ ಬಿಡಿ" ಅನ್ನಬೇಡಿ. 108ಕ್ಕೆ ಕರೆ ಮಾಡಿ. ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಅನ್ನುವ ಔಷಧಿ ಹೊತ್ತಿಗೆ ಸಿಕ್ಕರೆ ನಿಮಿಷಗಳಲ್ಲಿ ಉಸಿರು ಮರಳಬಹುದು.

ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಭಯಕ್ಕೆ ಎಷ್ಟೋ ಮನೆಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅನ್ನುವ ಕಲಂ ಇದೆ. ಬಳಕೆಗೆ, ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸ್ ಆದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ, ಆ ಅಪರಾಧದ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಜ್ಯಾಫಿ ಐವತ್ತು ವರ್ಷದ ಹಿಂದೆ ಪಟ್ಟು ಹಿಡಿದದ್ದೂ ಇಂಥದಕ್ಕೇ. ಸೆಂಟರ್‌ಗಳಲ್ಲಿ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸೇರಿಸುವ ಮೊದಲು ಒಳಗೆ ಹೋಗಿ ಕಣ್ಣಾರೆ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ದೂರದವರು ಮಾದಕ ವ್ಯಸನದ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮನಸ್‌ನ 14416ಕ್ಕೆ ಫೋನ್ ಮಾಡಿ ಕೇಳಬಹುದು.

ಇಷ್ಟಾದ ಮೇಲೂ ಹುಬ್ಬಳ್ಳಿಗೇ ಕಳಿಸುವುದು ಅಂತ ತೀರ್ಮಾನವಾದರೆ ಕಳಿಸಿ. ಆದರೆ ಮೊದಲು ವೈದ್ಯರಿಗೆ ತೋರಿಸಿ. ಕುಡಿತವೂ ಇದ್ದರೆ ಇದು ಇನ್ನೂ ಮುಖ್ಯ. ಕುಡಿತವನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ವಿಷಯ ಅಲ್ಲ ಅದು. ಚಿಕ್ಕಪ್ಪನಿಗೆ ಎಲ್ಲವನ್ನೂ ಬಿಡಿಸಿ ಹೇಳಿ. "ಓದಲು ಬಂದಿದ್ದಾನೆ" ಅಂತ ಸುಳ್ಳು ಬೇಡ. ಅಲ್ಲಿ ಅವನಿಗೆ ಬೆಳಿಗ್ಗೆ ಏಳಲು ಒಂದು ಕೆಲಸ ಇರಲಿ, ಗ್ಯಾರೇಜೋ ಅಂಗಡಿಯೋ ಏನೋ ಒಂದು. ಸಿಮ್ ಬದಲಿಸಲು ಅವನನ್ನೇ ಕೇಳಿ, ಕಿತ್ತುಕೊಳ್ಳಬೇಡಿ. ಅಲ್ಲಿ ಯಾವ ಆಸ್ಪತ್ರೆ, ಯಾವ ವೈದ್ಯರು, ಎಷ್ಟು ದಿನಕ್ಕೊಮ್ಮೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಮೊದಲ ಸಂಬಳ ಕೈಗೆ ಬರುವ ಸಂಜೆ ಚಿಕ್ಕಪ್ಪ ಅವನ ಜೊತೆ ಇರಲಿ. ಹಬ್ಬಕ್ಕೆ ಊರಿಗೆ ಬರುವಾಗ ಒಬ್ಬನನ್ನೇ ಬಸ್ಸಿಗೆ ಹತ್ತಿಸಬೇಡಿ. ನೀವೇ ಹೋಗಿ ಕರೆತನ್ನಿ, ಆ ಬೀಡಾ ಅಂಗಡಿ ಮೂಲೆ ದಾಟುವಾಗ ಪಕ್ಕದಲ್ಲಿ ಕೂತಿರಿ.